ಬೀಗ ಹಾಕಿದ ಕೋಣೆಯಲ್ಲಿ ಯಾರಿದ್ದಾರೆ?

1764ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಎಂಬ ಪುಟ್ಟ ಕಾದಂಬರಿ ಅಚ್ಚಾಯಿತು. ಬರೆದವನು ಹೊರೇಸ್ ವಾಲ್‌ಪೋಲ್. ಇನ್ನೊಬ್ಬರ ರಾಜ್ಯ ನುಂಗಿ ಕೂತ ಮನೆತನ, ಆ ಮನೆತನಕ್ಕೆ ಅಂಟಿದ ಹಳೆಯ ಭವಿಷ್ಯವಾಣಿ, ಸತ್ತ ಮಗನಿಗೆ ಗೊತ್ತಾಗಿದ್ದ ಹುಡುಗಿಯನ್ನು ತಾನೇ ಕಟ್ಟಿಕೊಳ್ಳಲು ಹೊರಟ ಯಜಮಾನ, ನೆಲಮಾಳಿಗೆಯ ಕತ್ತಲಲ್ಲಿ ದಾರಿ ತಡಕುತ್ತ ಓಡುವ ಆ ಹುಡುಗಿ. ಗಾಥಿಕ್ ಕಾದಂಬರಿ ಎಂದರೆ ಏನು ಎಂಬುದು ಈ ಒಂದು ಪುಸ್ತಕದಲ್ಲೇ ಹೆಚ್ಚುಕಡಿಮೆ ತೀರ್ಮಾನವಾಗಿಹೋಯಿತು.

ವಾಲ್‌ಪೋಲ್ ಕೂತು ಕಲ್ಪಿಸಿಕೊಂಡದ್ದನ್ನು ಅದೇ ಕಾಲದಲ್ಲಿ ಕಪಿಲಾ–ಕಾವೇರಿ ತೀರದ ಜನ ಬದುಕಿಯೇ ಕಂಡಿದ್ದರು. ನಂಜನಗೂಡಿನ ಪಕ್ಕದ ಕಳಲೆಯನ್ನು ಇವತ್ತು ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನಕ್ಕಾಗಿ ನೆನೆಯುತ್ತೇವೆ. ಹದಿನೆಂಟನೇ ಶತಮಾನದ ನಡುಭಾಗದಲ್ಲಿ ಮೈಸೂರನ್ನು ನಿಜವಾಗಿ ಆಳಿದ್ದು ಈ ಊರಿನ ಅರಸು ಮನೆತನ. ಸಿಂಹಾಸನದ ಮೇಲೆ ಒಡೆಯರು ಕೂರುತ್ತಿದ್ದರು. ಸೈನ್ಯ, ಖಜಾನೆ, ಬೀಗದ ಕೈ ಎಲ್ಲ ಕಳಲೆಯ ದಳವಾಯಿಗಳ ಬಳಿ. 1734ರಲ್ಲಿ ದಳವಾಯಿ ದೇವರಾಜಯ್ಯ ತನ್ನ ದಾಯಾದಿಯ ಜೊತೆ ಸೇರಿ, ತಮ್ಮ ಮಾತು ಮೀರಲು ನೋಡಿದ ಚಾಮರಾಜ ಒಡೆಯರನ್ನು ಪಟ್ಟದಿಂದ ಇಳಿಸಿ ರಾಣಿಯ ಸಮೇತ ಕಬ್ಬಾಳದುರ್ಗಕ್ಕೆ ಅಟ್ಟಿದ. ಕನಕಪುರದ ಕಡೆಯ ಆ ಕಡಿದಾದ ಬಂಡೆ ಬೆಟ್ಟದ ಮೇಲೆ, ನೀರೂ ಗಾಳಿಯೂ ಮೈಗೆ ಹಿಡಿಸದ ಸೆರೆಮನೆಯಲ್ಲಿ, ರಾಜ ಅದೇ ವರ್ಷ ತೀರಿಕೊಂಡ. ಎರಡು ದಶಕ ಕಳೆದು ಅವನ ನಂತರದ ರಾಜ ಇಮ್ಮಡಿ ಕೃಷ್ಣರಾಜ ತಲೆ ಎತ್ತಲು ನೋಡಿದಾಗ, ದೇವರಾಜಯ್ಯನ ತಮ್ಮ ಕರಾಚೂರಿ ನಂಜರಾಜಯ್ಯ ಶ್ರೀರಂಗಪಟ್ಟಣದ ಅರಮನೆಗೇ ನುಗ್ಗಿದ. ರಾಜನ ಕಡೆಯವರ ಕಿವಿ ಮೂಗುಗಳನ್ನು ರಾಜನ ಕಣ್ಣೆದುರಿಗೇ ಕುಯ್ಯಿಸಿದ ಎಂದು ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಬರೆದಿದ್ದಾನೆ. ಇದೇ ನಂಜರಾಜಯ್ಯ ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯವನ್ನು ದೊಡ್ಡದು ಮಾಡಿಸಿದವನು, ‘ಕಕುದ್ಗಿರಿ ಮಾಹಾತ್ಮ್ಯ’ದಂಥ ಕೃತಿ ಬರೆದ ಪಂಡಿತ. ಕೊನೆಗೆ ಇವನೂ ತಾನೇ ಬೆಳೆಸಿದ ಹೈದರಾಲಿಯ ಕಾವಲಿನಲ್ಲಿ ಪ್ರಾಣ ಬಿಟ್ಟ.

ಇಷ್ಟನ್ನು ಇತಿಹಾಸದ ಯಾವ ಪುಸ್ತಕವಾದರೂ ಹೇಳುತ್ತದೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದರೊಳಗಿನ ಒಂದು ಸಣ್ಣ ಸಂಗತಿ. ಇಮ್ಮಡಿ ಕೃಷ್ಣರಾಜನ ರಾಣಿಯರಲ್ಲಿ ಒಬ್ಬಳು ನಂಜರಾಜಯ್ಯನ ಸ್ವಂತ ಮಗಳು. ಅಪ್ಪ ಬಂದು ಗಂಡನ ಮನೆಯ ಬಾಗಿಲು ಒಡೆಯುತ್ತಾನೆ. ಗಂಡ ಆ ಮನೆಯ ಯಜಮಾನನೂ ಹೌದು, ಆ ಮನೆಯ ಕೈದಿಯೂ ಹೌದು. ಅವಳು ಯಾರ ಮಗಳು, ಯಾರ ಹೆಂಡತಿ? ರಾತ್ರಿ ಯಾವ ಹೆಜ್ಜೆ ಸದ್ದಿಗೆ ಬೆಚ್ಚುತ್ತಿದ್ದಳು? ಯುದ್ಧ, ಸಂಧಿ, ಸಂಬಳದ ಬಾಕಿಗಾಗಿ ಸೈನಿಕರು ಹೂಡಿದ ಧರಣಿ, ಇವೆಲ್ಲ ದಾಖಲಾಗಿವೆ. ಚರಿತ್ರೆ ಹೊರಬಾಗಿಲಿನವರೆಗೆ ಬಂದು ನಿಂತುಬಿಡುತ್ತದೆ.

ಒಳಗೆ ಹೋಗುವುದು ಗಾಥಿಕ್ ಪ್ರೇಮಕಾದಂಬರಿ. ಅದರ ಸೆಳೆತದ ಮೂಲ ಇಲ್ಲಿದೆ. ದೆವ್ವ, ಗುಡುಗು, ಜೇಡರ ಬಲೆ, ಆರಿಹೋಗುವ ದೀಪ ಇವೆಲ್ಲ ಆಮೇಲಿನ ಅಲಂಕಾರ. ಒಬ್ಬ ಹೆಣ್ಣು ಗೊತ್ತಿಲ್ಲದ ಮನೆಯೊಂದಕ್ಕೆ ಬರುತ್ತಾಳೆ. ಅಲ್ಲಿನ ಗೋಡೆಗಳಿಗೆ, ಆಳುಕಾಳುಗಳಿಗೆ, ಯಜಮಾನನಿಗೆ ಅವಳಿಗೆ ತಿಳಿಯದ ಹಳೆಯದೊಂದು ಗೊತ್ತಿದೆ. ಪ್ರೀತಿಸಬೇಕಾದವನಿಗೇ ಅವಳು ಹೆದರಬೇಕಾಗಿದೆ. ಈ ಮನೆ ತನ್ನೊಳಗೆ ಬಂದ ಹೆಣ್ಣಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದ ಸಾಹಿತ್ಯ ಪ್ರಕಾರ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ಪ್ರಶ್ನೆ ಅಷ್ಟು ಸರಿಯಾಗಿರುವುದರಿಂದಲೇ, ಅದು ಕೊನೆಯ ಅಧ್ಯಾಯದಲ್ಲಿ ಕೊಡುವ ಉತ್ತರದ ಬಗ್ಗೆ ನನಗೆ ಸಿಟ್ಟಿದೆ.

ಮೊದಲು ಸೆಳೆತದ ಮಾತು ಮುಗಿಸೋಣ. 1794ರಲ್ಲಿ ಆನ್ ರ‍್ಯಾಡ್‌ಕ್ಲಿಫ್ ಬರೆದ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೊ’ದಲ್ಲಿ ಅನಾಥ ಹುಡುಗಿ ಎಮಿಲಿಯನ್ನು ಸೋದರತ್ತೆಯ ಗಂಡ ಬೆಟ್ಟದ ಕೋಟೆಯೊಂದರಲ್ಲಿ ಕೂಡಿಹಾಕುತ್ತಾನೆ. ಅಲ್ಲಿ ಕೇಳುವ ಸದ್ದುಗಳಿಗೆ, ಕಾಣುವ ಆಕಾರಗಳಿಗೆ ರ‍್ಯಾಡ್‌ಕ್ಲಿಫ್ ಕೊನೆಯಲ್ಲಿ ಒಂದೊಂದಾಗಿ ಲೌಕಿಕ ಕಾರಣ ಕೊಡುತ್ತಾಳೆ. ದೆವ್ವಗಳೆಲ್ಲ ಕರಗುತ್ತವೆ. ಕರಗದೆ ಉಳಿಯುವುದು ಆಸ್ತಿಪತ್ರಕ್ಕೆ ಸಹಿ ಹಾಕೆಂದು ಬೆದರಿಸುವ ಗಂಡಸು. ಇದು ಬಹಳ ದೊಡ್ಡ ಒಳನೋಟ. 1847ರಲ್ಲಿ ಷಾರ್ಲಟ್ ಬ್ರಾಂಟೆಯ ‘ಜೇನ್ ಐರ್’, 1938ರಲ್ಲಿ ಡಾಫ್ನೆ ಡು ಮೊರಿಯೆಯ ‘ರೆಬೆಕಾ’, 1960ರಲ್ಲಿ ವಿಕ್ಟೋರಿಯಾ ಹೋಲ್ಟ್ ಹೆಸರಿನಲ್ಲಿ ಬಂದ ‘ಮಿಸ್ಟ್ರೆಸ್ ಆಫ್ ಮೆಲಿನ್’, ಅದರ ಬೆನ್ನಿಗೆ ಅಮೆರಿಕದ ಅಂಗಡಿಗಳನ್ನು ತುಂಬಿದ ಅಗ್ಗದ ಆವೃತ್ತಿಗಳು. ಅವುಗಳ ಮುಖಪುಟ ಹೆಚ್ಚುಕಡಿಮೆ ಒಂದೇ ತೆರ: ಹಿಂದೆ ದೊಡ್ಡ ಕಪ್ಪು ಮನೆ, ಒಂದೇ ಕಿಟಕಿಯಲ್ಲಿ ಬೆಳಕು, ಮುಂದೆ ಕೂದಲು ಕೆದರಿ ಓಡುತ್ತಿರುವ ಹೆಣ್ಣು.

ಇದೆಲ್ಲ ಪರದೇಶದ ಸರಕು, ನಮ್ಮಲ್ಲಿ ಕೋಟೆಮನೆಗಳೆಲ್ಲಿವೆ ಎನ್ನುವವರು ಹಳೇ ಮೈಸೂರಿನ ತೊಟ್ಟಿಮನೆಯನ್ನು ನೆನಪಿಸಿಕೊಳ್ಳಬೇಕು. ನಡುವೆ ಬೆಳಕಿನ ತೊಟ್ಟಿ, ಸುತ್ತ ಕತ್ತಲೆ ಕೋಣೆಗಳು, ಉಗ್ರಾಣ, ಅಟ್ಟ, ಬಾಣಂತಿಯ ಕೋಣೆ. ಹದಿನಾರು ಹದಿನೇಳರ ಸೊಸೆ ಆ ಮನೆಗೆ ಬಂದಾಗ ಬೀಗದ ಕೈ ಗೊಂಚಲು ಅತ್ತೆಯ ಸೊಂಟದಲ್ಲಿ. ಯಾವ ಪೆಟ್ಟಿಗೆಯಲ್ಲಿ ಏನಿದೆ, ಯಾರ ಹೆಸರು ಎತ್ತಬಾರದು ಎಂದು ಅವಳಿಗೆ ಯಾರೂ ಹೇಳುತ್ತಿರಲಿಲ್ಲ. ಎರಡನೇ ಸಂಬಂಧವಾಗಿ ಬಂದವಳಾದರೆ ಮುಗಿಯಿತು, ಗೋಡೆಯ ಮೇಲೆ ಮೊದಲನೆಯವಳ ಫೋಟೊ ಕುಂಕುಮ ಹಚ್ಚಿಸಿಕೊಂಡು ಕಾದಿರುತ್ತಿತ್ತು. ಸತ್ತ ಸವತಿಯ ಕಾಟ ತಟ್ಟದಿರಲೆಂದು ಅವಳ ಹೆಸರಿನಲ್ಲಿ ಪುಟ್ಟ ಬಿಲ್ಲೆಯೊಂದನ್ನು ಎರಡನೆಯ ಹೆಂಡತಿ ಕೊರಳಲ್ಲಿ ಧರಿಸುವ ಪದ್ಧತಿ ನಮ್ಮ ಸೀಮೆಯ ಹಲವು ಸಮುದಾಯಗಳಲ್ಲಿತ್ತು. ‘ರೆಬೆಕಾ’ ಕಾದಂಬರಿಯಿಡೀ ಇರುವುದು ಈ ಬಿಲ್ಲೆಯ ಭಾರವೇ.

ನಮ್ಮ ಜನಪದಕ್ಕೆ ಈ ಭಯ ಮೊದಲಿನಿಂದ ಗೊತ್ತು. ‘ಕೆರೆಗೆ ಹಾರ’ ಕಥನಗೀತೆಯಲ್ಲಿ ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡಲು ನಿರ್ಧರಿಸುವುದು ಭೂತವಲ್ಲ, ಅವಳ ಮಾವ. ಕಾರಣ ಊರ ಕೆರೆಗೆ ನೀರು. ಅವಳಿಗೆ ಅದು ತಿಳಿದುಹೋಗುತ್ತದೆ. ತವರಿಗೆ ಹೋಗುತ್ತಾಳೆ, ಹೆತ್ತವರಿಗೆ ಬಾಯಿ ಬಿಟ್ಟು ಹೇಳಲಾರದೆ ಮರಳುತ್ತಾಳೆ. ದಂಡಿನಲ್ಲಿದ್ದ ಗಂಡ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ, ಅವನೂ ಅದೇ ಕೆರೆಗೆ ಹಾರುತ್ತಾನೆ. ಒಂದು ಮಿಂಚಿಲ್ಲ, ಒಂದು ಅಶರೀರವಾಣಿಯಿಲ್ಲ. ಅಡುಗೆ, ಸ್ನಾನ, ಪೂಜೆಯ ಸಿದ್ಧತೆಯಂಥ ದಿನನಿತ್ಯದ ಕೆಲಸಗಳಲ್ಲೇ ಸಾವು ಹತ್ತಿರ ಬರುತ್ತದೆ. ಉಡಾಲ್ಫೊ ಕೋಟೆಯ ನಾಲ್ಕು ಸಂಪುಟಗಳನ್ನು ಸೇರಿಸಿದರೂ ಇಷ್ಟು ತಣ್ಣಗಿನ ಭಯ ಹುಟ್ಟುವುದಿಲ್ಲ.

ಕಳಲೆಯಿಂದ ಕಾವೇರಿಯ ಕಡೆ ಹೋದರೆ ತಿರುಮಕೂಡಲು ನರಸೀಪುರ ದಾಟಿ ತಲಕಾಡು. ಅಲಮೇಲಮ್ಮನ ಶಾಪದ ಕಥೆ ಈ ಸೀಮೆಯ ಮಕ್ಕಳಿಗೂ ಗೊತ್ತು. 1610ರಲ್ಲಿ ವಿಜಯನಗರದ ಪ್ರತಿನಿಧಿ ತಿರುಮಲರಾಯನಿಂದ ರಾಜ ಒಡೆಯರು ಶ್ರೀರಂಗಪಟ್ಟಣ ತೆಗೆದುಕೊಂಡರು. ತಿರುಮಲರಾಯನ ಹೆಂಡತಿ ಅಲಮೇಲಮ್ಮ ತಲಕಾಡಿನಲ್ಲಿ ಉಳಿದಳು. ವಾರಕ್ಕೆರಡು ಸಲ ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆಗಳು ಅವಳ ಬಳಿ ಇದ್ದವು. ಅವನ್ನು ತರಲು ಸೈನಿಕರು ಹೋದರು. ಅವಳು ಒಡವೆಗಳ ಸಮೇತ ಮಾಲಂಗಿಯ ಬಳಿ ನದಿಗೆ ಹಾರಿದಳು, ಹಾರುವ ಮುನ್ನ ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಅರಸರಿಗೆ ಮಕ್ಕಳಾಗದಿರಲಿ ಎಂದು ಶಪಿಸಿದಳು ಎಂಬುದು ಐತಿಹ್ಯ. ರಾಜ ಒಡೆಯರ ಗಂಡುಮಕ್ಕಳು ಅವರಿಗಿಂತ ಮೊದಲೇ ತೀರಿಕೊಂಡು, 1617ರಲ್ಲಿ ಪಟ್ಟ ಮೊಮ್ಮಗನಿಗೆ ಹೋಯಿತು. ಆಮೇಲಿನ ದತ್ತು ಪಟ್ಟಾಭಿಷೇಕಗಳನ್ನೆಲ್ಲ ಜನ ಈ ಶಾಪದ ಲೆಕ್ಕಕ್ಕೆ ಬರೆದರು. ಲೆಕ್ಕ ಪೂರ್ತಿ ತಾಳೆಯಾಗುವುದಿಲ್ಲ. ಚಾಮರಾಜೇಂದ್ರ ಒಡೆಯರಿಗೆ, ಜಯಚಾಮರಾಜ ಒಡೆಯರಿಗೆ ಹೊಟ್ಟೆಯಲ್ಲಿ ಹುಟ್ಟಿದ ಗಂಡುಮಕ್ಕಳಿದ್ದರು. ಹಾಗಿದ್ದೂ ಮೈಸೂರು ಅರಮನೆಯಲ್ಲಿ ಅಲಮೇಲಮ್ಮನ ವಿಗ್ರಹಕ್ಕೆ ಪೂಜೆ ನಡೆದುಕೊಂಡು ಬಂದಿದೆ.

ತಲಕಾಡಿನ ಮರಳಿಗೆ ರ‍್ಯಾಡ್‌ಕ್ಲಿಫ್ ಕೊಡುವಂಥದೇ ವಿವರಣೆ ಇದೆ. ಕಾವೇರಿ ಅಲ್ಲಿ ದೊಡ್ಡದಾಗಿ ಬಾಗುತ್ತದೆ. ಬಾಗಿನಲ್ಲಿ ಬಿದ್ದ ಮರಳನ್ನು ಮುಂಗಾರಿನ ಪಡುವಣ ಗಾಳಿ ಊರ ಕಡೆ ತಳ್ಳುತ್ತ ಬಂದು ದಿಣ್ಣೆ ಎಬ್ಬಿಸಿತು, ಗುಡಿಗಳು ಹೂತವು. ಅಲ್ಲಿಗೆ ಶಾಪ ಕರಗಿತು. ಆದರೆ ಒಡವೆ ಕೇಳಲು ಗಂಡ ಸೋತ ಹೆಂಗಸಿನ ಮನೆಗೆ ಸೈನಿಕರು ಹೋದರು ಎಂಬ ಕಥೆಯ ಆ ಭಾಗವನ್ನು ಯಾವ ಗಾಳಿಯೂ ವಿವರಿಸುವುದಿಲ್ಲ. ಶಾಪ ನಿಜವೋ ಸುಳ್ಳೋ ಎಂದು ನಾಲ್ಕು ನೂರು ವರ್ಷ ವಾದ ಮಾಡಿದೆವು. ಅವಳ ಮನೆಯ ಬಾಗಿಲು ಬಡಿದದ್ದು ನ್ಯಾಯವೋ ಅನ್ಯಾಯವೋ ಎಂಬ ಮಾತು ಹಿಂದೆ ಬಿತ್ತು. ಅಲೌಕಿಕದ ಮೋಹ ಮಾಡುವ ಮೊದಲ ಹಾನಿ ಇದು: ಅನ್ಯಾಯಕ್ಕೆ ಒಳಗಾದವಳನ್ನು ಭಯಂಕರಿಯಾಗಿ ನಿಲ್ಲಿಸುತ್ತದೆ, ಅನ್ಯಾಯ ಮಾಡಿದವರು ಅವಳ ಕೋಪಕ್ಕೆ ಸಿಕ್ಕ ಪಾಪದವರಾಗಿಬಿಡುತ್ತಾರೆ.

ಗಾಥಿಕ್ ಪ್ರೇಮಕಾದಂಬರಿಯ ಎಲ್ಲ ದೋಷಗಳೂ ಇದರ ಸುತ್ತಲೇ ಹೆಣೆದುಕೊಂಡಿವೆ. ಕಥನದ ಸಣ್ಣಪುಟ್ಟ ಕುಂದುಗಳು ಬೇಡ. ಒಂದೇ ಅಚ್ಚಿನ ಮಳೆರಾತ್ರಿಗಳು, ಹೋಗಬೇಡವೆಂದ ಕೋಣೆಗೇ ಹೋಗುವ ನಾಯಕಿ, ಎರಡೇ ಮಾತಿನಲ್ಲಿ ಬಿಡಿಸಬಹುದಾದ ಗುಟ್ಟನ್ನು ಮುನ್ನೂರು ಪುಟ ಎಳೆಯುವುದು, ಇವನ್ನು ಓದುಗರು ತಿಳಿದೇ ಕ್ಷಮಿಸುತ್ತಾರೆ. ಕ್ಷಮಿಸಲಾಗದ್ದು ‘ರೆಬೆಕಾ’ದಲ್ಲಿ ಆಗುವಂಥದು. ಹೆಸರೇ ಇಲ್ಲದ ಎರಡನೇ ಹೆಂಡತಿ ಇಡೀ ಕಾದಂಬರಿ ಸತ್ತವಳ ನೆರಳಿಗೆ ನಡುಗುತ್ತಾಳೆ. ಕೊನೆಗೆ ಗಂಡ ಬಾಯಿಬಿಡುತ್ತಾನೆ: ನಾನು ಅವಳನ್ನು ಪ್ರೀತಿಸಲೇ ಇಲ್ಲ, ನಾನೇ ಕೊಂದೆ. ಇದನ್ನು ಕೇಳಿ ನಾಯಕಿಗೆ ಆಗುವುದು ನೆಮ್ಮದಿ. ಕಾದಂಬರಿಕಾರ್ತಿಯ ಕೌಶಲ ಎಷ್ಟೆಂದರೆ ನಮಗೂ ನೆಮ್ಮದಿಯೇ ಆಗುತ್ತದೆ! ಪುಸ್ತಕ ಮುಚ್ಚಿದ ಮೇಲೆ, ಕೊಲೆಗಾರನಿಗೆ ಶಿಕ್ಷೆ ತಪ್ಪಲಿ ಎಂದು ಹಾರೈಸುತ್ತಿದ್ದೆವಲ್ಲ ಎಂದು ಹೊಳೆದಾಗ ಮೈ ಜುಮ್ಮೆನ್ನುತ್ತದೆ. 1940ರಲ್ಲಿ ಹಿಚ್‌ಕಾಕ್ ಇದನ್ನು ಸಿನಿಮಾ ಮಾಡಿದಾಗ, ಕೊಂದವನು ತಪ್ಪಿಸಿಕೊಳ್ಳುವುದನ್ನು ಹಾಲಿವುಡ್ಡಿನ ಅಂದಿನ ಸಂಹಿತೆ ಒಪ್ಪದ ಕಾರಣ, ರೆಬೆಕಾಳ ಸಾವನ್ನು ಆಕಸ್ಮಿಕವಾಗಿಸಬೇಕಾಯಿತು. 1964ರ ಹಿಂದಿ ‘ಕೋಹರಾ’ದ ಮೂಲಕ ಈ ಕಥೆ ನಮ್ಮ ದೇಶದ ಟಾಕೀಸುಗಳಿಗೂ ಬಂತು.

‘ಜೇನ್ ಐರ್’ ಇದಕ್ಕಿಂತ ದೊಡ್ಡ ಕೃತಿ. ಅಲ್ಲಿಯೂ ಅಟ್ಟದ ಕೋಣೆಯಲ್ಲಿ ಮೊದಲ ಹೆಂಡತಿ ಬರ್ತಾ ಇದ್ದಾಳೆ. ಜಮೈಕಾದಿಂದ ಬಂದವಳು, ಮೂವತ್ತು ಸಾವಿರ ಪೌಂಡು ತಂದವಳು. ಅವಳು ನಗುತ್ತಾಳೆ, ಕಚ್ಚುತ್ತಾಳೆ, ಬೆಂಕಿ ಹಚ್ಚುತ್ತಾಳೆ. ಒಂದು ಮಾತೂ ಆಡುವುದಿಲ್ಲ. ಅವಳು ಸತ್ತರೇ ಜೇನಳ ಮದುವೆಗೆ ದಾರಿ. ಯಜಮಾನ ಕಣ್ಣು ಕಳೆದುಕೊಂಡು ಮೆತ್ತಗಾಗುತ್ತಾನೆ, ಮದುವೆ ನಡೆಯುತ್ತದೆ. ಆ ಮನೆಯನ್ನು ನಿಲ್ಲಿಸಿದ್ದ ಹಣ ಯಾವ ತೋಟದ, ಯಾವ ಗುಲಾಮರ ಬೆವರಿನದು ಎಂದು ಕೇಳುವ ಸಮಯ ಅಲ್ಲಿ ಯಾರಿಗೂ ಇಲ್ಲ.

ನಮ್ಮದೇ ಉದಾಹರಣೆ ಬೇಕೆಂದರೆ 2004ರ ‘ಆಪ್ತಮಿತ್ರ’. 1993ರ ಮಲಯಾಳಂ ‘ಮಣಿಚಿತ್ರತ್ತಾಳ್’ ಕಥೆಯನ್ನು ಪಿ. ವಾಸು ಕನ್ನಡಕ್ಕೆ ತಂದರು. ಬಿಡುಗಡೆಗೆ ಮೊದಲೇ ವಿಮಾನ ಅಪಘಾತದಲ್ಲಿ ನಮ್ಮನ್ನಗಲಿದ ಸೌಂದರ್ಯ ಅವರ ಅಭಿನಯವನ್ನು ಕನ್ನಡಿಗರು ಮರೆಯಲಾರರು. ಬೀಗ ಹಾಕಿದ ಕೋಣೆ, ಅರಸ ಕರೆತಂದ ನರ್ತಕಿ ನಾಗವಲ್ಲಿ, ಅವಳ ಪ್ರಿಯಕರನ ಕೊಲೆ, ಅವಳ ಕೊಲೆ. ಆ ಮನೆಗೆ ಬಂದ ಹೆಂಗಸು ನಾಗವಲ್ಲಿಯಂತೆ ಆಡುವುದು ದೆವ್ವದ ಕಾಟವಲ್ಲ, ಮನಸ್ಸಿನ ಕಾಯಿಲೆ ಎಂದು ಸಿನಿಮಾ ಹೇಳಿತು. ಆ ಧೈರ್ಯವನ್ನು ಮೆಚ್ಚಬೇಕು. ಆದರೆ ನಾಗವಲ್ಲಿಯ ಸೇಡನ್ನು ತೀರಿಸುವುದು ಒಂದು ಗೊಂಬೆಯನ್ನು ಮುಂದಿಟ್ಟು, ಅವಳಿಗೆ ಮೋಸ ಮಾಡಿ. ಅರಸನ ಅಪರಾಧ ವಿಚಾರಣೆಗೆ ಬರಲೇ ಇಲ್ಲ. ಸಿಟ್ಟುಗೊಂಡ ಹೆಣ್ಣಿಗೆ ಮಾತ್ರ ಚಿಕಿತ್ಸೆಯಾಯಿತು.

ಇದಕ್ಕೆ ಎದುರಾಗಿ ಕನ್ನಡದಲ್ಲೇ ಒಂದು ಉತ್ತರವಿದೆ, ಮೈಸೂರಿನಲ್ಲೇ ಬರೆದದ್ದು. ತ್ರಿವೇಣಿಯವರ ‘ಶರಪಂಜರ’ವನ್ನು ಗಾಥಿಕ್ ಕಾದಂಬರಿ ಎಂದು ಯಾರೂ ಕರೆದದ್ದು ನಾನು ಕೇಳಿಲ್ಲ. ಅದರಲ್ಲಿ ಕೋಟೆಯಿಲ್ಲ, ಶಾಪವಿಲ್ಲ. ಆದರೆ ಅಟ್ಟದ ಕೋಣೆಯ ಬೀಗ ತೆಗೆದು ಒಳಗಿದ್ದವಳನ್ನು ಕರೆತಂದು ನಡುಮನೆಯಲ್ಲಿ ಕೂರಿಸಿ ಮಾತಾಡಿಸಿದ ಕಾದಂಬರಿ ಅದು.

1928ರಲ್ಲಿ ಹುಟ್ಟಿದ ಅನಸೂಯಾ ಶಂಕರ್, ಅಂದರೆ ತ್ರಿವೇಣಿ, ಬಿ.ಎಂ. ಶ್ರೀಕಂಠಯ್ಯನವರ ಮನೆತನದವರು, ಮನಶ್ಶಾಸ್ತ್ರ ಓದಿದವರು. ಹತ್ತೇ ವರ್ಷದ ಬರೆವಣಿಗೆಯಲ್ಲಿ ಇಪ್ಪತ್ತರಷ್ಟು ಕಾದಂಬರಿ ಕೊಟ್ಟರು. ಅವರ ಕಾವೇರಿ ಓದಿದ ಹೆಣ್ಣು; ಮೆಚ್ಚಿ ಮದುವೆಯಾದ ಗಂಡ ಸತೀಶ, ಮಕ್ಕಳು, ಅಚ್ಚುಕಟ್ಟಾದ ಮನೆ. ಹೆರಿಗೆಯ ನಂತರ ಅವಳ ಮನಸ್ಸು ಕೆಡುತ್ತದೆ. ಇದಕ್ಕೆ ನಮ್ಮ ಕಡೆ ಬಾಣಂತಿ ಸನ್ನಿ ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಗಾಳಿ ಸೋಕಿದೆ, ಮೈಮೇಲೆ ಬಂದಿದೆ ಎಂದು ಬೇವಿನ ಸೊಪ್ಪು ಹಿಡಿದವರೇ ಹೆಚ್ಚು. ತ್ರಿವೇಣಿ ಕಾವೇರಿಯನ್ನು ಆಸ್ಪತ್ರೆಗೆ ಕಳಿಸುತ್ತಾರೆ. ಅವಳು ವಾಸಿಯಾಗುತ್ತಾಳೆ. ನಿಜವಾದ ಭಯದ ಕಥೆ ಶುರುವಾಗುವುದು ಅವಳು ವಾಸಿಯಾಗಿ ಮನೆಗೆ ಬಂದ ಮೇಲೆ.

ಅದೇ ಮನೆ, ಅದೇ ಅಡುಗೆಮನೆ, ಅವಳೇ ಜೋಡಿಸಿದ ಸಾಮಾನು. ಈಗ ಅವಳು ಜೋರಾಗಿ ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ನೆರೆಹೊರೆಯವರ ಮಾತು ಅವಳು ಬಂದೊಡನೆ ನಿಲ್ಲುತ್ತದೆ. ಗಂಡ ಈ ನಡುವೆ ಇನ್ನೊಬ್ಬಳ ಸಂಗ ಕಂಡುಕೊಂಡಿದ್ದಾನೆ. ಅದನ್ನು ಅವಳು ಹೇಳಿದರೆ ಕಾಯಿಲೆ ಮರುಕಳಿಸಿತು ಎನ್ನಲು ಎಲ್ಲರೂ ಸಿದ್ಧ. ಬೀಗ ಹಾಕಿದ ಕೋಣೆಯೇ ಬೇಕಿಲ್ಲ, ಸುತ್ತ ನಿಂತವರ ಕಣ್ಣುಗಳೇ ಸಾಕು. ಕೊನೆಗೆ ಅವಳು ನಿಜವಾಗಿಯೂ ಕುಸಿಯುತ್ತಾಳೆ. ಗಾಥಿಕ್ ಪ್ರೇಮಕಾದಂಬರಿ ಗಂಡನ ಮೇಲಿನ ಅನುಮಾನವನ್ನು ಬೆಳೆಸಿ ಬೆಳೆಸಿ ಕೊನೆಗೆ ಅಳಿಸಿಹಾಕುತ್ತದಲ್ಲವೇ? ತ್ರಿವೇಣಿ ತಿರುಗಿಸಿದ್ದು ಅದನ್ನೇ. ಇಲ್ಲಿ ಒಳ್ಳೆಯವನೆಂದು ನಂಬಿದ ಗಂಡನ ಒಳ್ಳೆಯತನವೇ ಪುಟಪುಟಕ್ಕೂ ಸವೆಯುತ್ತದೆ.

ಬರ್ತಾಳ ಪರವಾಗಿ ಜೀನ್ ರೀಸ್ ‘ವೈಡ್ ಸಾರ್ಗಾಸೊ ಸೀ’ ಪ್ರಕಟಿಸಿದ್ದು 1966ರಲ್ಲಿ. ಅಟ್ಟದ ಹುಚ್ಚಿಯನ್ನು ಇಡೀ ಸ್ತ್ರೀ ಸಾಹಿತ್ಯದ ರೂಪಕವಾಗಿ ಗಿಲ್ಬರ್ಟ್ ಮತ್ತು ಗುಬಾರ್ ಓದಿದ್ದು 1979ರಲ್ಲಿ. ತ್ರಿವೇಣಿ 1963ರ ಜುಲೈನಲ್ಲೇ, ಮೂವತ್ತೈದು ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದರು. ಜಗತ್ತು ಆಮೇಲೆ ಕೇಳಿದ ಪ್ರಶ್ನೆಯನ್ನು ಮೈಸೂರಿನ ಗೃಹಿಣಿಯೊಬ್ಬರು ಅದಕ್ಕೂ ಮೊದಲೇ ಕೇಳಿ ಹೋಗಿದ್ದರು. ಇದನ್ನು ನಮ್ಮ ವಿಮರ್ಶೆ ಇನ್ನಷ್ಟು ದೊಡ್ಡ ದನಿಯಲ್ಲಿ ಹೇಳಬೇಕಿತ್ತು. ‘ಮಹಿಳಾ ಕಾದಂಬರಿ’ ಎಂಬ ಚೀಟಿ ಅಂಟಿಸಿ ಪಕ್ಕಕ್ಕಿಟ್ಟ ಸಾಲಿನಲ್ಲಿ ಇದೂ ಸೇರಿಹೋಯಿತು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿ, ಕಲ್ಪನಾ ಕಾವೇರಿಯಾದ ಮೇಲೆ ಕಥೆ ಮನೆಮನೆಗೆ ತಲುಪಿತು.

ಬಾಣಂತಿಯರ ಮನೋರೋಗಕ್ಕೆ ಈಗ ಒಳ್ಳೆಯ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಜೊತೆಗೇ ಇಟ್ಟುಕೊಂಡು ನೋಡಿಕೊಳ್ಳುವ ಘಟಕ 2009ರಿಂದ ಕೆಲಸ ಮಾಡುತ್ತಿದೆ. ಕಾಯಿಲೆಯನ್ನು ಮೋಹಿನಿಯಾಗಿಸಿ ರೋಮಾಂಚನ ಹುಟ್ಟಿಸುವ ಕಥೆಗಳು, ಅಂಥ ಒಬ್ಬ ತಾಯಿ ಆಸ್ಪತ್ರೆ ಸೇರುವುದನ್ನು ಒಂದು ವಾರ ತಡ ಮಾಡಿದರೂ ಅದು ದೊಡ್ಡ ನಷ್ಟ. ಭಯದ ಕಥೆ ಬೇಡ ಎನ್ನುತ್ತಿಲ್ಲ. ಭಯ ಎಲ್ಲಿಂದ ಬರುತ್ತಿದೆ ಎಂದು ಕೊನೆಯವರೆಗೂ ಬಿಡದೆ ನೋಡುವ ಕಥೆ ಬೇಕು.

‘ಶರಪಂಜರ’ವೂ ಮಧ್ಯಮ ವರ್ಗದ ಮನೆಯ ಗೋಡೆ ದಾಟಿ ಹೋಗುವುದಿಲ್ಲ. ಆ ಕೆಲಸಕ್ಕೆ ನನ್ನ ಮನಸ್ಸು ಮತ್ತೆ ಮತ್ತೆ ಇತಿಹಾಸದ ಒಬ್ಬ ಹೆಣ್ಣುಮಗಳ ಕಡೆ ಹೋಗುತ್ತದೆ. ನಂಜರಾಜಯ್ಯನ ಮಗಳಿಗೆ ಸವತಿಯಾಗಿದ್ದ ರಾಣಿ ಲಕ್ಷ್ಮಮ್ಮಣ್ಣಿಯವರು. 1766ರಲ್ಲಿ ವಿಧವೆಯಾದರು. ಮುಂದಿನ ಮೂವತ್ತಮೂರು ವರ್ಷ ಹೈದರ್, ಆಮೇಲೆ ಟಿಪ್ಪು ಇವರ ಕಾವಲಿನಲ್ಲಿ ಶ್ರೀರಂಗಪಟ್ಟಣದಲ್ಲಿ ಕಳೆದರು. ಪಟ್ಟಕ್ಕೆ ಬಂದ ಹುಡುಗರು ಒಬ್ಬೊಬ್ಬರಾಗಿ ಕಣ್ಣೆದುರೇ ಹೋದರು. 1770ರಲ್ಲಿ ನಂಜರಾಜ ಒಡೆಯರನ್ನು ಹೈದರ್ ಕೊಲ್ಲಿಸಿದ. ಗಾಥಿಕ್ ನಾಯಕಿಗೆ ಇದಕ್ಕಿಂತ ಕಠಿಣ ಮನೆ ಯಾರು ಕಟ್ಟಿಕೊಡಬಲ್ಲರು? ಅವರು ಯಾವ ನಾಯಕನಿಗೂ ಕಾಯಲಿಲ್ಲ. ಕಾವಲುಗಾರರ ಕಣ್ಣು ತಪ್ಪಿಸಿ ಹೊರಗಿನವರೊಡನೆ ಸಂಪರ್ಕ ಇಟ್ಟುಕೊಂಡರು. 1782ರಲ್ಲಿ ಪ್ರಧಾನ ತಿರುಮಲರಾವ್ ಅವರ ಮೂಲಕ ಇಂಗ್ಲಿಷರೊಂದಿಗೆ ಒಪ್ಪಂದವನ್ನೇ ಮಾಡಿಸಿಕೊಂಡರು. ಸಿಕ್ಕಿಬಿದ್ದಿದ್ದರೆ ತಲೆ ಉಳಿಯುತ್ತಿರಲಿಲ್ಲ.

1799ರಲ್ಲಿ ಟಿಪ್ಪುವಿನ ಆಳ್ವಿಕೆ ಕೊನೆಗೊಂಡು, ಐದು ವರ್ಷದ ಮುಮ್ಮಡಿ ಕೃಷ್ಣರಾಜನಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಹಳೆಯ ಪ್ರಕಾರದ ಕಾದಂಬರಿಯಾದರೆ ಅಲ್ಲಿಗೆ ಮುಗಿಸಿ ಮಂಗಳ ಹಾಡುತ್ತದೆ. ಆದರೆ ಅದೇ ವರ್ಷದ ಕರಾರಿನಂತೆ ಮೈಸೂರು ಪ್ರತಿವರ್ಷ ಇಂಗ್ಲಿಷರ ಕಂಪನಿಗೆ 7 ಲಕ್ಷ ಪಗೋಡ ಕಟ್ಟಬೇಕಾಯಿತು. ಅದನ್ನು ತೆತ್ತದ್ದು ಕಳಲೆ, ತಲಕಾಡು, ನರಸೀಪುರಗಳಂಥ ಊರುಗಳ ಒಕ್ಕಲು. ರಾಣಿಯ ಗುಟ್ಟನ್ನು ಮೂವತ್ತು ವರ್ಷ ಕಾಯಲು ಅರಮನೆಯ ಊಳಿಗದ ಹೆಂಗಸರು ಒಪ್ಪದೆ ಇದ್ದಿದ್ದರೆ ಅದು ಹೊರಬೀಳುತ್ತಿತ್ತು. ಅವರಲ್ಲಿ ಒಬ್ಬಳ ಬಾಯಿಂದ ಈ ಕಥೆಯನ್ನು ಹೇಳಿಸುವ ಕನ್ನಡ ಕಾದಂಬರಿಯನ್ನು ನಾನು ಓದಬೇಕು. ಪಟ್ಟಾಭಿಷೇಕದ ಸಂಜೆಯಿಂದ ಅದು ಶುರುವಾಗಲಿ.